ಗಂಟೆಗೊಬ್ಬರು: ಒಂದು ಟೈಂಟೇಬಲ್ಲಿನ ಕಥೆ

ರೋಆಲ್ಡ್ ಡಾಲ್ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಮಕ್ಕಳ ಕಥೆಗಳಿಂದ. ಚಾಕೊಲೇಟ್ ಫ್ಯಾಕ್ಟರಿ, ಮಟಿಲ್ಡಾ ಇತ್ಯಾದಿ. ಆದರೆ ಆತ ಮಾಡಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಥೆಯಲ್ಲ, ಒಂದು ಟೈಂಟೇಬಲ್ಲು! 1965ರಲ್ಲಿ ಹೆಂಡತಿಗೆ ಸ್ಟ್ರೋಕ್ ಆದಾಗ (ನಮ್ಮ ಕಡೆ ಲಕ್ವ ಹೊಡೀತು ಅಂತಾರಲ್ಲ, ಅದೇ) ಹಾಕಿಕೊಂಡದ್ದು.

ಹೆಂಡತಿ ಪೆಟ್ರೀಷಿಯಾ ನೀಲ್ ಹಾಲಿವುಡ್ ನಟಿ. 'ಹಡ್' ಚಿತ್ರಕ್ಕೆ 1964ರಲ್ಲಿ ಆಸ್ಕರ್ ಗೆದ್ದಾಕೆ. ಮಾರನೇ ವರ್ಷ ಫೆಬ್ರವರಿ 17ರಂದು ಲಾಸ್ ಏಂಜಲೀಸ್‌ನಲ್ಲಿ, ಮಗಳಿಗೆ ಸ್ನಾನ ಮಾಡಿಸುತ್ತಿದ್ದಾಗ ಮೆದುಳಿನಲ್ಲಿ ಉಬ್ಬಿದ್ದ ರಕ್ತನಾಳ ಒಡೆಯಿತು. ಆಕೆಗೆ ಆಗ 39 ವರ್ಷ, ಮೂರು ತಿಂಗಳ ಬಸುರಿ ಬೇರೆ. ದೀರ್ಘ ಆಪರೇಷನ್, ನಂತರ ವಾರಗಟ್ಟಲೆ ಕೋಮಾ. ಎಚ್ಚರವಾದಾಗ ಬಲಭಾಗ ಬಿದ್ದುಹೋಗಿತ್ತು, ಮಾತು ಹೋಗಿತ್ತು.

ಈ ಕುಟುಂಬಕ್ಕೆ ಇದು ಮೊದಲ ಪೆಟ್ಟೂ ಅಲ್ಲ. 1960ರಲ್ಲಿ ಕೂಸು ಥಿಯೋನ ಗಾಡಿಗೆ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಗುದ್ದಿ ತಲೆಗೆ ಏಟಾಗಿತ್ತು. ಮೆದುಳಿನಲ್ಲಿ ತುಂಬುವ ನೀರನ್ನು ಹೊರಹಾಕೋ ಕವಾಟ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು ಅಂತ ಡಾಲ್ ಒಬ್ಬ ಎಂಜಿನಿಯರ್, ಒಬ್ಬ ಸರ್ಜನ್ ಜೊತೆ ಸೇರಿ ಹೊಸ ಕವಾಟವನ್ನೇ ಮಾಡಿಸಿದ್ದ. 1962ರಲ್ಲಿ ಏಳು ವರ್ಷದ ಮಗಳು ಒಲಿವಿಯಾ ದಡಾರದಿಂದ ತೀರಿಕೊಂಡಿದ್ದಳು.

ಮೇ ತಿಂಗಳಲ್ಲಿ ಎಲ್ಲರೂ ಇಂಗ್ಲೆಂಡಿನ ಗ್ರೇಟ್ ಮಿಸೆಂಡನ್ ಹಳ್ಳಿಗೆ ವಾಪಸಾದರು. ಮನೆಯಲ್ಲಿ ಮೂರು ಸಣ್ಣ ಮಕ್ಕಳು, ನಾಲ್ಕನೆಯದು ಹೊಟ್ಟೆಯಲ್ಲಿ. ದಿನಕ್ಕೆ ಸ್ವಲ್ಪ ಹೊತ್ತಿನ ಚಿಕಿತ್ಸೆ ಏನೇನೂ ಸಾಲದು, ಉಳಿದ ಹೊತ್ತೆಲ್ಲ ಸುಮ್ಮನೆ ಕೂತರೆ ಪೆಟ್ರೀಷಿಯಾ ಒಳಗೊಳಗೇ ಮುದುಡಿ ಹೋಗ್ತಾಳೆ ಅಂತ ಡಾಲ್‌ಗೆ ಅನ್ನಿಸಿತು. ಆಗ ಅಕ್ಕಪಕ್ಕದವರನ್ನೂ ಗೆಳೆಯರನ್ನೂ ಕೇಳಿದ. ಒಬ್ಬೊಬ್ಬರು ಒಂದೊಂದು ಗಂಟೆ ಬನ್ನಿ, ಓದಿಸಿ, ಲೆಕ್ಕ ಮಾಡಿಸಿ, ಆಟ ಆಡಿಸಿ, ಮಾತಾಡಿಸಿ. ಹೀಗೆ ದಿನಕ್ಕೆ ಹಲವು ಗಂಟೆ, ಸರದಿ ಪ್ರಕಾರ. ಯಾರೂ ತಜ್ಞರಲ್ಲ!

ಡಾಲ್ ಕಟುವಾಗಿದ್ದ ಅನ್ನೋದೂ ನಿಜ. ಬೇಕಾದ ವಸ್ತುವಿನ ಹೆಸರು ಹೇಳುವವರೆಗೂ ಕೊಡುತ್ತಿರಲಿಲ್ಲ. ಈ ಕಥೆ ಹೇಳುವವರು ಹೆಚ್ಚಾಗಿ ಆ ಛಲವನ್ನೇ ಹೊಗಳುತ್ತಾರೆ. ನನಗೆ ಹಾಗನ್ನಿಸೋದಿಲ್ಲ. ಆ ಒತ್ತಾಯ ಎಲ್ಲ ರೋಗಿಗಳಿಗೂ ಒಗ್ಗೋದಿಲ್ಲ, ಕೆಲವರು ಕುಗ್ಗಿಯೇ ಹೋಗಬಹುದು. ಈ ಮನೆ ಮುರಿದು ಬೀಳದಂತೆ ಹಿಡಿದಿಟ್ಟದ್ದು ಹಂಚಿಕೊಂಡ ಆ ಗಂಟೆಗಳು. ಯಾರೋ ಬಂದು ಕೂತ ಹೊತ್ತಿನಲ್ಲಿ ಡಾಲ್‌ಗೆ ಬರೆಯಲು, ಮಕ್ಕಳನ್ನು ನೋಡಿಕೊಳ್ಳಲು ಆಗುತ್ತಿತ್ತು.

ಆಗಸ್ಟ್ 4ರಂದು ಲೂಸಿ ಆರೋಗ್ಯವಾಗಿ ಹುಟ್ಟಿದಳು. ಹಾಗೆ ಬಂದವರಲ್ಲಿ ವ್ಯಾಲರಿ ಈಟನ್ ಗ್ರಿಫಿತ್ ಎಂಬಾಕೆ ತಿಂಗಳುಗಟ್ಟಲೆ ಪೆಟ್ರೀಷಿಯಾ ಜೊತೆ ದುಡಿದರು. 1967ರಲ್ಲಿ ಪೆಟ್ರೀಷಿಯಾ ನ್ಯೂಯಾರ್ಕಿನ ಸಭೆಯೊಂದರಲ್ಲಿ ಭಾಷಣ ಮಾಡಿದಳು. 1968ರ 'ದ ಸಬ್ಜೆಕ್ಟ್ ವಾಸ್ ರೋಸಸ್' ಚಿತ್ರಕ್ಕೆ ಮತ್ತೆ ಆಸ್ಕರ್ ನಾಮನಿರ್ದೇಶನವೂ ಬಂತು. ವ್ಯಾಲರಿ 1970ರಲ್ಲಿ 'ಎ ಸ್ಟ್ರೋಕ್ ಇನ್ ದ ಫ್ಯಾಮಿಲಿ' ಅನ್ನೋ ಪುಸ್ತಕ ಬರೆದರು. ಹೆಸರು ಗಮನಿಸಿ, ಸ್ಟ್ರೋಕ್ ಆಗೋದು ಒಬ್ಬರಿಗಲ್ಲ, ಮನೆಗೆ. ಮುಂದೆ ಇದೇ ದಾರಿಯಲ್ಲಿ ಬ್ರಿಟನ್ನಿನಲ್ಲಿ ಸ್ಟ್ರೋಕ್ ರೋಗಿಗಳಿಗಾಗಿ ಸ್ವಯಂಸೇವಕರ ಯೋಜನೆಯೇ ಶುರುವಾಯಿತು.

ಕೊನೆಯಲ್ಲಿ ಎಲ್ಲ ಸುಖಾಂತ ಅಂದುಕೊಳ್ಳಬೇಡಿ. 1983ರಲ್ಲಿ ಇಬ್ಬರಿಗೂ ಡೈವೋರ್ಸ್ ಆಯಿತು. ಆದರೆ ಟೈಂಟೇಬಲ್ಲು ಮಾತ್ರ ಆ ಮದುವೆಗಿಂತ ಹೆಚ್ಚು ಬಾಳಿತು.

ಒಂದೇ ಸರ್ವರ್ ಮೇಲೆ ಇಡೀ ಸಿಸ್ಟಂ ನಿಲ್ಲಿಸಬಾರದು ಅಂತ ನಮ್ಮ ಕೆಲಸದಲ್ಲಿ ಮೊದಲ ದಿನವೇ ಕಲಿಸ್ತಾರೆ. ಮನೆಯಲ್ಲಿ ಮಾತ್ರ ಎಲ್ಲವನ್ನೂ ಹೆಂಡತಿಯ ಮೇಲೋ ಸೊಸೆಯ ಮೇಲೋ ಹಾಕಿ, "ಎಷ್ಟು ಗಟ್ಟಿಗಿತ್ತಿ ನೋಡಿ" ಅಂತ ಹೊಗಳಿ ಎದ್ದು ಬರ್ತೀವಿ. ಗಟ್ಟಿತನ ಅನ್ನೋದು ಒಬ್ಬರೊಳಗೆ ಊಟೆಯ ಹಾಗೆ ಉಕ್ಕುತ್ತಾ ಇರೋದಲ್ಲ ಸ್ವಾಮಿ, ಸುತ್ತ ಇರುವವರು ತುಂಬಿಸಬೇಕಾದದ್ದು. ಮುಂದಿನ ಸಲ ಅಂಥ ಮನೆಗೆ ಹೋದಾಗ ಮೂಸಂಬಿ ಒಯ್ಯದಿದ್ದರೂ ಪರವಾಗಿಲ್ಲ. "ಪ್ರತಿ ಭಾನುವಾರ ನಾಲ್ಕರಿಂದ ಐದು ನಾನಿರ್ತೀನಿ, ನೀವು ಹೋಗಿ ಸ್ವಲ್ಪ ಮಲಗಿ" ಅಂತ ಹೇಳಿ ನೋಡಿ.