ಕರುಳು ಮೊಟಕಾದ ಮೇಲೆ

1956ರಲ್ಲಿ ಲಾಸ್ ಏಂಜಲೀಸ್‌ನ ಇಬ್ಬರು ವೈದ್ಯರು, ಹೋವರ್ಡ್ ಪೇನ್ ಮತ್ತು ಲೊರೆನ್ ಡಿವಿಂಡ್, ಆಗಿನ ಹೆಚ್ಚಿನ ವೈದ್ಯರು ಯೋಚಿಸಲೂ ಅಂಜುತ್ತಿದ್ದ ಕೆಲಸಕ್ಕೆ ಕೈಹಾಕಿದರು. ಯಾವ ಪಥ್ಯಕ್ಕೂ ಜಗ್ಗದ ಬೊಜ್ಜಿನಿಂದ ಬಳಲುತ್ತಿದ್ದ ಹತ್ತು ಮಂದಿಯ ಹೊಟ್ಟೆ ತೆರೆದು, ಸಣ್ಣ ಕರುಳಿನ ಆರಂಭದ ತುಂಡನ್ನು ನೇರವಾಗಿ ದೊಡ್ಡ ಕರುಳಿಗೆ ಹೊಲಿದರು. ಉಳಿದ ಸಣ್ಣ ಕರುಳು ಹೊಟ್ಟೆಯೊಳಗೇ ಇತ್ತು. ಉಂಡದ್ದು ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ತೂಕ ಸಾಕಷ್ಟು ಇಳಿದ ಮೇಲೆ ಮತ್ತೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸುವುದು ಅವರ ಯೋಜನೆ.

ತೂಕ ಇಳಿಯಿತು. ಜೊತೆಗೇ ನಿಲ್ಲದ ಭೇದಿ ಹತ್ತಿತು, ರಕ್ತದ ಲವಣಗಳು ಏರುಪೇರಾದವು, ಯಕೃತ್ತು ಕೆಟ್ಟಿತು. ಕರುಳನ್ನು ಮರಳಿ ಜೋಡಿಸಿಕೊಂಡವರಿಗೆ ಕಳೆದುಕೊಂಡ ತೂಕ ವಾಪಸು ಬಂತು. ಈ ಅನುಭವವನ್ನು ಅವರು 1963ರಲ್ಲಿ ಪ್ರಕಟಿಸಿದರು.

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಶಸ್ತ್ರವೈದ್ಯರ ಹೆಸರುಗಳ ಸರಮಾಲೆಯಾಗಿ ಹೇಳುವುದು ವಾಡಿಕೆ. ಆಪರೇಷನ್ ಮುಗಿಸಿಕೊಂಡು ಮನೆಗೆ ಹೋಗಿ, ವರ್ಷಗಳ ನಂತರ ಬೇರೆಯದೇ ಕಾಯಿಲೆ ಹೊತ್ತು ಬೇರೊಬ್ಬ ವೈದ್ಯರ ಬಾಗಿಲು ತಟ್ಟಿದ ರೋಗಿಗಳ ಕಡೆಯಿಂದ ಅದನ್ನು ಓದಬೇಕು. ಯಾವ ಆಪರೇಷನ್ ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ತೀರ್ಮಾನಿಸಿದ್ದು ಅವರ ದೇಹಗಳೇ.

ಪೇನ್ ಮತ್ತು ಡಿವಿಂಡ್ ಶೂನ್ಯದಿಂದ ಹೊರಟವರಲ್ಲ. ಸ್ವೀಡನ್ನಿನ ವಿಕ್ಟರ್ ಹೆನ್ರಿಕ್ಸನ್ 1952ರಲ್ಲಿ ಬೊಜ್ಜಿನ ಚಿಕಿತ್ಸೆಗೆಂದು ಸಣ್ಣ ಕರುಳಿನ ಭಾಗವೊಂದನ್ನು ಕತ್ತರಿಸಿ ತೆಗೆದ ವರದಿ ಬರೆದಿದ್ದರು. 1954ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆರ್ನಾಲ್ಡ್ ಕ್ರೆಮೆನ್, ಜಾನ್ ಲಿನ್ನರ್ ಮತ್ತು ಸಂಗಡಿಗರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಸಣ್ಣ ಕರುಳಿನ ಯಾವ ಭಾಗ ಯಾವ ಪೋಷಣೆಗೆ ಬೇಕು ಎಂದು ಹುಡುಕಿದ್ದರು. ಕೊನೆಯ ಭಾಗ ತಪ್ಪಿದರೆ ಕೊಬ್ಬು ಹೀರಲಾಗುವುದಿಲ್ಲ, ತೂಕ ಇಳಿಯುತ್ತದೆ ಎಂಬುದು ಅವರಿಗೆ ಕಂಡಿತು.

1969ರ ಹೊತ್ತಿಗೆ ಪೇನ್ ಮತ್ತು ಡಿವಿಂಡ್ ತಮ್ಮ ವಿಧಾನವನ್ನು ತಿದ್ದಿದರು. ಸಣ್ಣ ಕರುಳಿನ ಮೊದಲ 14 ಅಂಗುಲವನ್ನು ಕೊನೆಯ 4 ಅಂಗುಲಕ್ಕೆ ಜೋಡಿಸಿದರು. ಇಪ್ಪತ್ತು ಅಡಿಯ ಆಸುಪಾಸಿನ ದಾರಿ ಒಂದೂವರೆ ಅಡಿಗೆ ಇಳಿಯಿತು. ಅಮೆರಿಕದ ಉದ್ದಗಲಕ್ಕೂ ಸಾವಿರಾರು ಜನ ಈ ಜೋಡಣೆ ಮಾಡಿಸಿಕೊಂಡರು. ಮನಬಂದಷ್ಟು ತಿಂದರೂ ತೂಕ ಇಳಿಯುತ್ತದೆ ಎಂಬ ಮಾತಿಗೆ ಬಲವಿತ್ತು, ಏಕೆಂದರೆ ಮೊದಲೆರಡು ವರ್ಷ ಅದು ನಿಜವೇ ಆಗಿತ್ತು.

ಆಮೇಲೆ ಬಿಲ್ ಬರತೊಡಗಿತು. ಕರುಳು ಹೀರದೆ ಬಿಟ್ಟ ಕೊಬ್ಬು ಅಲ್ಲಿದ್ದ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಮಲದಲ್ಲಿ ಹೊರಹಾಕುವ ಆಕ್ಸಲೇಟ್ ಆಗ ಬಿಡುಗಡೆಯಾಗಿ ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ಅನ್ನ ಹರಿಯದೆ ಕುರುಡಾಗಿ ನಿಂತ ಕರುಳಿನಲ್ಲಿ ಬ್ಯಾಕ್ಟೀರಿಯಾ ವಿಪರೀತ ಬೆಳೆಯುತ್ತವೆ. ಅದರ ಬೆನ್ನಿಗೇ ಕೀಲುನೋವು, ಚರ್ಮದ ಗುಳ್ಳೆ, ಜ್ವರ. ಪ್ರೋಟೀನ್ ಕೊರತೆಯೂ ಸೇರಿ ಕೆಲವರ ಯಕೃತ್ತು ಕುಡುಕರ ಯಕೃತ್ತಿನಂತೆಯೇ ಹಾಳಾಯಿತು, ಸಾವುಗಳಾದವು. ಎ ಜೀವಸತ್ವ ಕೊಬ್ಬಿನೊಡನೆಯೇ ಹೋಗುವಂಥದ್ದು. ಅದು ಕರಗಿದಾಗ ಇರುಳುಗಣ್ಣು ಬಂತು. ಆಹಾರಕ್ಕೆ ಬರವಿಲ್ಲದ ದೇಶದಲ್ಲಿ, ತಟ್ಟೆ ತುಂಬ ಉಣ್ಣುವವರಲ್ಲಿ, ಬರಗಾಲದ ಕಾಯಿಲೆಗಳು ಕಾಣಿಸಿಕೊಂಡವು. 1978ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆಯಿತು. 1980ರ ದಶಕದಲ್ಲಿ ಈ ಜೋಡಣೆ ಬಳಕೆ ತಪ್ಪಿತು, ಎಷ್ಟೋ ಜನರ ಕರುಳನ್ನು ಮರಳಿ ಮೊದಲಿನಂತೆ ಜೋಡಿಸಬೇಕಾಯಿತು.

ಅಷ್ಟರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದಿದ್ದರು. ಜಠರದ ಹುಣ್ಣಿಗಾಗಿ ಅರ್ಧ ಜಠರ ತೆಗೆಸಿಕೊಂಡ ಹೆಂಗಸರು ಮತ್ತೆ ಮೈ ತುಂಬಿಕೊಳ್ಳುವುದೇ ಇಲ್ಲ ಎಂಬುದನ್ನು ಅವರು ಗಮನಿಸಿದ್ದರು. ಚಿಕಾಶಿ ಇಟೊ ಜೊತೆ ಸೇರಿ 1967ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಜಠರದ ಮೇಲ್ತುದಿಯ ಸಣ್ಣ ಚೀಲವೊಂದನ್ನು ಬೇರ್ಪಡಿಸಿ ಸಣ್ಣ ಕರುಳಿಗೆ ಜೋಡಿಸಲಾಗುತ್ತಿತ್ತು. 1977ರಲ್ಲಿ ಕೆಂಟಕಿಯ ವಾರ್ಡ್ ಗ್ರಿಫೆನ್ ಅದಕ್ಕೆ ಸ್ವಿಸ್ ಶಸ್ತ್ರವೈದ್ಯ ಸೀಸರ್ ರೂ ಅವರ ಹಳೆಯ ವೈ ಆಕಾರದ ಜೋಡಣೆಯನ್ನು ತಂದರು. ಇಂದು ಗ್ಯಾಸ್ಟ್ರಿಕ್ ಬೈಪಾಸ್ ಎಂದರೆ ಹೆಚ್ಚಾಗಿ ಅದೇ.

ಹುಣ್ಣಿನ ಆಪರೇಷನ್ನಿಂದ ಬಂದ ಈ ವಿಧಾನಕ್ಕೆ ಹುಣ್ಣಿನ ಆಪರೇಷನ್ನಿನ ತೊಂದರೆಗಳೂ ಬಳುವಳಿಯಾಗಿ ಬಂದವು. ಊಟ ಮುಗಿಸಿ ಎದ್ದ ಸ್ವಲ್ಪ ಹೊತ್ತಿಗೇ ಬೆವರು, ಎದೆ ಬಡಿತ, ತಲೆ ಸುತ್ತು: ಡಂಪಿಂಗ್ ಎಂದು ಕರೆಯುವ ಈ ಅವಸ್ಥೆಯನ್ನು ಲಂಡನ್ನಿನ ಆರ್ಥರ್ ಹರ್ಟ್ಜ್ 1913ರಲ್ಲೇ ವಿವರಿಸಿದ್ದರು. ರಕ್ತಹೀನತೆಯದು ಇನ್ನೂ ಸ್ವಾರಸ್ಯದ ಕಥೆ. 1920ರ ದಶಕದಲ್ಲಿ ಬಾಸ್ಟನ್ನಿನ ವಿಲಿಯಂ ಕಾಸಲ್ ತಾವೇ ಮಾಂಸ ತಿಂದು, ಒಂದು ಗಂಟೆ ಕಳೆದ ಮೇಲೆ ಅದನ್ನು ತಮ್ಮ ಜಠರದಿಂದ ಹೊರತೆಗೆದು, ಮಾರಕ ರಕ್ತಹೀನತೆಯ ರೋಗಿಗಳಿಗೆ ಕೊಳವೆಯಲ್ಲಿ ಕೊಟ್ಟು ನೋಡಿದರು. ಬರೀ ಮಾಂಸ ತಿಂದಾಗ ಚೇತರಿಸಿಕೊಳ್ಳದವರು ಇದರಿಂದ ಚೇತರಿಸಿಕೊಂಡರು. ಜಠರದ ಗೋಡೆ ಒಸರುವ ಒಂದು ವಸ್ತುವಿಲ್ಲದೆ ರಕ್ತಕ್ಕೆ ಬೇಕಾದದ್ದು ದೇಹಕ್ಕೆ ದಕ್ಕುವುದಿಲ್ಲ ಎಂಬುದು ಸಾಬೀತಾಯಿತು. ಆ ಬೇಕಾದದ್ದೇ ಬಿ12 ಎಂದು ಆಮೇಲೆ ತಿಳಿಯಿತು. ಬೈಪಾಸ್ ಆದವರ ಅನ್ನ ಆ ಗೋಡೆಯನ್ನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ಯಕೃತ್ತಿನ ಬಿ12 ದಾಸ್ತಾನು ವರ್ಷಗಟ್ಟಲೆ ಸಾಲುತ್ತದಾದ್ದರಿಂದ ಕೊರತೆಯೂ ನಿಧಾನವಾಗಿ ಬರುತ್ತದೆ. ರೋಗಿ ಆಪರೇಷನ್ನನ್ನು ಮರೆತ ಮೇಲೆ ಬೆರಳು ಜುಮ್ಮೆನ್ನತೊಡಗುತ್ತದೆ.

ಬಿ1, ಅಂದರೆ ಥಯಮಿನ್, ಅಷ್ಟು ಕಾಯುವುದಿಲ್ಲ. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿದ್ದ ಪೂರ್ವ ಏಷ್ಯಾದ ಸೈನಿಕರನ್ನೂ ಕೈದಿಗಳನ್ನೂ ಕಾಡಿದ ಬೆರಿಬೆರಿ ಈ ಕೊರತೆಯಿಂದ ಬರುವ ರೋಗ. ಅದೇ ಕೊರತೆ ಮಿದುಳಿಗೆ ಮಾಡುವ ಹಾನಿಯನ್ನು ಕಾರ್ಲ್ ವರ್ನಿಕೆ 1881ರಲ್ಲಿ ಬರ್ಲಿನ್ನಿನಲ್ಲಿ ವರ್ಣಿಸಿದರು. ಅವರ ಮೂವರು ರೋಗಿಗಳಲ್ಲಿ ಇಬ್ಬರು ಕುಡುಕರು. ಮೂರನೆಯವಳು ಇಪ್ಪತ್ತರ ಹರೆಯದ, ಬಟ್ಟೆ ಹೊಲಿಯುವ ಹುಡುಗಿ. ಸಲ್ಫ್ಯೂರಿಕ್ ಆಮ್ಲ ಕುಡಿದು ಅವಳ ಜಠರದ ಬಾಯಿ ಕಟ್ಟಿಕೊಂಡಿತ್ತು, ವಾಂತಿ ನಿಲ್ಲುತ್ತಿರಲಿಲ್ಲ. ಕಣ್ಣಿನ ಚಲನೆ ತಪ್ಪಿತು, ನಡಿಗೆ ತೂರಾಡಿತು, ಬುದ್ಧಿ ಮಂಕಾಯಿತು, ಸತ್ತಳು. ವಾಂತಿಯೊಂದೇ ಈ ಸ್ಥಿತಿಗೆ ತಳ್ಳಬಲ್ಲದು ಎಂಬುದು ಆ ರೋಗದ ಮೊದಲ ಬರಹದಲ್ಲೇ ಇತ್ತು. ಆದರೂ ವೈದ್ಯರ ಮನಸ್ಸಿನಲ್ಲಿ ಅದು ಕುಡುಕರ ರೋಗವಾಗಿಯೇ ಕೂತುಬಿಟ್ಟಿತು. ನೂರು ವರ್ಷದ ನಂತರ ಜಠರ ಚಿಕ್ಕದು ಮಾಡಿಸಿಕೊಂಡವರು ವಾರಗಟ್ಟಲೆ ವಾಂತಿ ಮಾಡುತ್ತ, ತೂರಾಡುತ್ತ, ಒಂದೇ ವಸ್ತು ಎರಡಾಗಿ ಕಾಣುತ್ತಿದೆ ಎನ್ನುತ್ತ ಆಸ್ಪತ್ರೆಗೆ ಬಂದಾಗ, ಹೆಂಡ ಮುಟ್ಟದವರಿಗೂ ಇದು ಬರುತ್ತದೆ ಎಂದು ವೈದ್ಯರು ಹೊಸದಾಗಿ ಕಲಿಯಬೇಕಾಯಿತು. ಚಿಕಿತ್ಸೆ ತಡವಾದ ಎಷ್ಟೋ ಜನರ ನೆನಪಿನ ಶಕ್ತಿ ಪೂರ್ತಿಯಾಗಿ ಮರಳಿ ಬರುವುದಿಲ್ಲ.

ತಾಮ್ರದ ಪಾಠ ಇನ್ನೂ ತಡವಾಗಿ ಬಂತು. ತಾಮ್ರವಿಲ್ಲದ ಹುಲ್ಲುಗಾವಲಿನ ಕುರಿಮರಿಗಳ ಹಿಂಗಾಲು ಸೋಲುವುದನ್ನು ಆಸ್ಟ್ರೇಲಿಯದ ಪಶುವೈದ್ಯರು 1930ರ ದಶಕದಲ್ಲೇ ಕಂಡುಕೊಂಡಿದ್ದರು. ಮನುಷ್ಯರ ಬೆನ್ನುಹುರಿಗೂ ಅದೇ ಗತಿ ಎಂಬುದು ಸ್ಪಷ್ಟವಾದದ್ದು ಈ ಶತಮಾನದ ಆರಂಭದಲ್ಲಿ, ಮೇಯೊ ಕ್ಲಿನಿಕ್‌ನ ನರತಜ್ಞ ನೀರಜ್ ಕುಮಾರ್ ಮತ್ತು ಸಹೋದ್ಯೋಗಿಗಳ ವರದಿಗಳಿಂದ. ಅವರ ರೋಗಿಗಳಲ್ಲಿ ಹಿಂದೆ ಜಠರದ ಆಪರೇಷನ್ ಆದವರಿದ್ದರು. ಲಕ್ಷಣಗಳು ಬಿ12 ಕೊರತೆಯನ್ನೇ ಹೋಲುತ್ತಿದ್ದುದರಿಂದ ಬಿ12 ಚುಚ್ಚುಮದ್ದು ಕೊಟ್ಟು, ಗುಣ ಕಾಣದೆ ಕೈಚೆಲ್ಲುವ ಸಾಧ್ಯತೆ ಹೆಚ್ಚು. ಕೂದಲು ಉದುರುತ್ತದೆಂದು ಕೆಲವರು ತಾವಾಗಿ ಸತುವಿನ ಮಾತ್ರೆ ನುಂಗುತ್ತಾರೆ. ಅತಿಯಾದ ಸತು ತಾಮ್ರವನ್ನು ಹೀರಲು ಬಿಡುವುದಿಲ್ಲ. ಅದೇ ಮೇಯೊ ಕ್ಲಿನಿಕ್‌ನಿಂದ 2005ರಲ್ಲಿ ಇನ್ನೊಂದು ಅಚ್ಚರಿಯ ವರದಿ ಬಂತು. ಬೈಪಾಸ್ ಆದ ಆರು ಮಂದಿಗೆ ಊಟದ ನಂತರ ರಕ್ತದ ಸಕ್ಕರೆ ಎಚ್ಚರ ತಪ್ಪುವಷ್ಟು ಕುಸಿಯುತ್ತಿತ್ತು.

ಇಷ್ಟೆಲ್ಲ ಓದಿ ಆಪರೇಷನ್ನೇ ತಪ್ಪು ಎನ್ನುವುದು ನ್ಯಾಯವಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೊಡ್ಡ ಅಧ್ಯಯನ, ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ತೋರಿಸಿತು. ಅದೇ ವರ್ಷ ಅಮೆರಿಕದ ಯೂಟಾ ರಾಜ್ಯದ ಅಧ್ಯಯನದಲ್ಲಿ ಒಟ್ಟು ಸಾವು 40 ಪ್ರತಿಶತ ಇಳಿದಿತ್ತು, ಸಕ್ಕರೆ ಕಾಯಿಲೆಯ ಸಾವುಗಳು ಇನ್ನೂ ಹೆಚ್ಚು ಇಳಿದಿದ್ದವು. ಆದರೆ ಅಪಘಾತ, ಆತ್ಮಹತ್ಯೆಯಂಥ ರೋಗೇತರ ಸಾವುಗಳು 58 ಪ್ರತಿಶತ ಏರಿದ್ದವು. ಈ ಎರಡನೆಯ ಅಂಕಿಯನ್ನೂ ಆಪರೇಷನ್ನಿಗೆ ಮೊದಲೇ ರೋಗಿಯ ಮುಂದಿಡಬೇಕು. ಆಪರೇಷನ್ನಿನ ಲಾಭ-ನಷ್ಟಗಳ ಲೆಕ್ಕ ಇಡುವ ವಿಷಯದಲ್ಲಿ ಮೇಸನ್ ಗಟ್ಟಿಯಾಗಿ ನಿಂತವರು. 1980ರ ದಶಕದಲ್ಲಿ ಅವರು ರೋಗಿಗಳ ದಾಖಲೆಯನ್ನು ದೇಶಮಟ್ಟದಲ್ಲಿ ಕೂಡಿಡಲು ಆರಂಭಿಸಿದರು. ನೂರು ವರ್ಷ ಬದುಕಿ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ ಅವರ ಕೆಲಸದಲ್ಲಿ ಹೊಲಿಗೆಯಷ್ಟೇ ಬೆಲೆಯುಳ್ಳದ್ದು ಈ ಲೆಕ್ಕದ ಪುಸ್ತಕ.

ಭಾರತಕ್ಕೆ ಈ ಚಿಕಿತ್ಸೆ ಬಂದದ್ದು ಬಹುಮಟ್ಟಿಗೆ ಉದರದರ್ಶಕ ಹಾಕಿ ಸಣ್ಣ ರಂಧ್ರಗಳ ಮೂಲಕ ಮಾಡುವ ಕಾಲದಲ್ಲಿ. ಈಗ ಜಠರದ ಬಹುಭಾಗ ಕತ್ತರಿಸಿ ಕೊಳವೆಯಾಗಿಸುವ ಸ್ಲೀವ್ ಹೆಚ್ಚು ಬಳಕೆಯಲ್ಲಿದೆ. ಕರುಳಿನ ಗೊಡವೆಗೆ ಹೋಗದ ಈ ವಿಧಾನದಲ್ಲೂ ವಾಂತಿ ಹೆಚ್ಚಾದರೆ ಥಯಮಿನ್ ಕೊರತೆ ಬರುತ್ತದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚಿ) 27.5ರಿಂದಲೇ ಆಪರೇಷನ್ ಪರಿಗಣಿಸಬಹುದು ಎನ್ನುತ್ತದೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಎಷ್ಟೋ ಮಂದಿ ಈ ಗೆರೆಯೊಳಗೆ ಬರುತ್ತಾರೆ. ಅವರಲ್ಲಿ ಸಸ್ಯಾಹಾರಿಗಳ ಬಿ12 ಆಪರೇಷನ್ನಿಗೆ ಮೊದಲೇ ತಳ ಹಿಡಿದಿರುವುದು ಸಾಮಾನ್ಯ. ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸುತ್ತಾರೆ. ನಾಲ್ಕು ತುತ್ತಿಗೆ ತುಂಬುವ ಹೊಟ್ಟೆಯಲ್ಲಿ ಅನ್ನ-ಸಾರಿಗೆ ಜಾಗ ಕೊಟ್ಟರೆ ಮೊಸರು, ಮೊಟ್ಟೆ, ಕಾಳು, ಪನೀರಿಗೆ ಜಾಗ ಉಳಿಯುವುದಿಲ್ಲ.

ಎಲ್ಲಕ್ಕಿಂತ ಕಳವಳದ ಸಂಗತಿ ಊರಿನ ದವಾಖಾನೆಯದು. ನಮ್ಮಲ್ಲಿ ಸುಸ್ತು, ವಾಂತಿ ಎಂದರೆ ಗ್ಲೂಕೋಸ್ ಬಾಟಲಿ ಏರಿಸುವುದು ರೂಢಿ, ರೋಗಿಯ ಕಡೆಯವರೇ ಕೇಳಿ ಹಾಕಿಸಿಕೊಳ್ಳುತ್ತಾರೆ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಮಿನ್ ಬೇಕು. ಅಳಿದುಳಿದ ಥಯಮಿನ್ ಆ ಬಾಟಲಿಗೇ ಖರ್ಚಾಗಿ, ಮಂಪರಿನ ಅಂಚಿನಲ್ಲಿದ್ದ ರೋಗಿ ಪೂರ್ತಿ ಜಾರಿಬಿಡಬಹುದು. ತೂಕದ ಆಪರೇಷನ್ ಆಗಿ ವಾಂತಿ ಮಾಡುತ್ತಿರುವವರಿಗೆ ಗ್ಲೂಕೋಸ್‌ಗೆ ಮೊದಲು ಥಯಮಿನ್ ಚುಚ್ಚುಮದ್ದು ಕೊಡಬೇಕು. ಅದು ಅಗ್ಗದ ಔಷಧ. ಬಿಡುಗಡೆ ಪತ್ರದ ಮೊದಲ ಪುಟದಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇದನ್ನು ಬರೆದುಕೊಟ್ಟರೆ ರೋಗಿಯ ಮನೆಯವರೇ ಅದನ್ನು ಊರಿನ ಡಾಕ್ಟರಿಗೆ ತೋರಿಸಬಹುದು.