ಅಂಟಿಕೊಳ್ಳಲು ಕಲಿತ ಇಂಗಾಲ

ಯಂತ್ರಭಾಗಗಳ ಸವೆತ ತಡೆಯುವ ವಜ್ರಸದೃಶ ಇಂಗಾಲದ ಲೇಪನದ ಚರಿತ್ರೆಯನ್ನು ಸಾಮಾನ್ಯವಾಗಿ 1971ರಿಂದ ಶುರುಮಾಡುತ್ತಾರೆ. ಆ ವರ್ಷ ಅಮೆರಿಕದ ಸಾಲ್ ಐಸೆನ್‌ಬರ್ಗ್ ಮತ್ತು ರೊನಾಲ್ಡ್ ಶಾಬೊ, ಇಂಗಾಲದ ಅಯಾನುಗಳನ್ನು ವೇಗವಾಗಿ ಹಾಯಿಸಿ, ಗಾಜನ್ನೂ ಗೀಚಬಲ್ಲ ತೆಳು ಪದರವನ್ನು ಕೂರಿಸಿದ ವರದಿ ಪ್ರಕಟಿಸಿದರು. ಆದರೆ 1953ರಲ್ಲೇ ಜರ್ಮನಿಯ ಹೈನ್ಸ್ ಶ್ಮೆಲ್ಲೆನ್‌ಮೈಯರ್ ಅಸಿಟಿಲೀನ್ ಅನಿಲದಲ್ಲಿ ವಿದ್ಯುತ್ ಹರಿಸಿ, ಗಡುಸಾದ ಕಪ್ಪು ಇಂಗಾಲದ ಪದರವನ್ನು ಪಡೆದಿದ್ದರು. ಈ ಮನುಷ್ಯನ ಹೆಸರು ಇನ್ನಷ್ಟು ಜನರ ಬಾಯಲ್ಲಿ ಇರಬೇಕಿತ್ತು. ಅವರ ಸಂಶೋಧನೆ ಪೂರ್ವ ಜರ್ಮನಿಯ ಪತ್ರಿಕೆಯಲ್ಲಿ ಹುದುಗಿಹೋದದ್ದರಿಂದಲೇ ಲೇಪನ ತಡವಾಯಿತು ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಎಲ್ಲರೂ ಓದುವ ಇಂಗ್ಲಿಷ್ ಪತ್ರಿಕೆಯಲ್ಲಿ 1971ರಲ್ಲಿ ಐಸೆನ್‌ಬರ್ಗ್ ಮತ್ತು ಶಾಬೊ ವರದಿ ಬಂದ ಮೇಲೂ, ಈ ಪದರ ಮೋಟಾರು ವಾಹನಗಳ ಬಿಡಿಭಾಗಗಳಿಗೆ ದೊಡ್ಡ ಪ್ರಮಾಣದಲ್ಲಿ ಇಳಿಯಲು ಸುಮಾರು ಕಾಲು ಶತಮಾನ ಹಿಡಿಯಿತು. ಅಡ್ಡಿಯಾದದ್ದು ಪ್ರಚಾರದ ಕೊರತೆಗಿಂತ ಹೆಚ್ಚಾಗಿ, ಪದರ ಉಕ್ಕಿಗೆ ಅಂಟದಿದ್ದದ್ದು.

ಅದಕ್ಕೆ ಕಾರಣ ಪದರ ಹುಟ್ಟುವ ರೀತಿಯಲ್ಲೇ ಇದೆ. ಅಯಾನುಗಳು ರಭಸದಿಂದ ಬಡಿದು ಪರಮಾಣುಗಳನ್ನು ಒತ್ತೊತ್ತಾಗಿ ತುರುಕುವುದರಿಂದ ಇಂಗಾಲಕ್ಕೆ ಗಡಸುತನ ಬರುತ್ತದೆ. ಅದೇ ಹೊಡೆತದಿಂದ ಪದರದೊಳಗೆ ಭಾರೀ ಒತ್ತಡವೂ ಸೇರಿಕೊಳ್ಳುತ್ತದೆ. ದಪ್ಪ ಏರಿದಂತೆ ಪದರ ಅಂಕುಡೊಂಕಾದ ಗೆರೆಗಳಲ್ಲಿ ಉಬ್ಬಿ, ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆಯಾಗಿ ಏಳುತ್ತದೆ. ಕೆಳಗಿನ ಉಕ್ಕು ಮೆದುವಾಗಿ ಒಳಸರಿದರೆ ಮೇಲಿನ ಗಡಸು ಪದರ ಬಿರಿಯುವುದೂ ಉಂಟು. ಉಕ್ಕಿಗೂ ಇಂಗಾಲಕ್ಕೂ ನಡುವೆ ಕ್ರೋಮಿಯಂ, ಟೈಟಾನಿಯಂ ಅಥವಾ ಸಿಲಿಕಾನ್‌ನ ತೆಳು ಪದರ ಕೊಡುವುದು ಇದಕ್ಕೆ ಕಂಡುಕೊಂಡ ಒಂದು ದಾರಿ. 1980ರ ದಶಕದಲ್ಲಿ ಹ್ಯಾಂಬರ್ಗ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಹೈನ್ಸ್ ಡಿಮಿಗೆನ್ ಮತ್ತು ಸಂಗಡಿಗರು ಇಂಗಾಲಕ್ಕೇ ಲೋಹ ಬೆರೆಸಿ ನೋಡಿದರು. ಗಡಸುತನವೇ ಈ ಲೇಪನದ ಜೀವಾಳವಲ್ಲವೇ ಎಂದು ಕೇಳಬಹುದು. ಲೋಹ ಬೆರೆತ ಪದರಗಳು ಶುದ್ಧ ಇಂಗಾಲದವುಗಳಷ್ಟು ಗಡುಸಲ್ಲ. ಹಾಗಿದ್ದೂ ಗೇರು, ಬೇರಿಂಗ್‌ಗಳಲ್ಲಿ ನೆಲೆಯೂರಿದವು ಅವೇ. ಕಿತ್ತುಹೋಗುವ ಗಡುಸಿಗಿಂತ ನಿಲ್ಲುವ ಮೆದುವನ್ನು ಕಾರ್ಖಾನೆಗಳು ಒಪ್ಪಿಕೊಂಡವು.

ಡೀಸೆಲ್ ಎಂಜಿನ್‌ನಲ್ಲಿ ಹೀಗೆ ಅಂಟಿ ನಿಲ್ಲುವ ಪದರದ ಅಗತ್ಯ ಎದ್ದು ಕಂಡಿತು. 1997ರಲ್ಲಿ ಬಂದ ಬಾಷ್ ಕಾಮನ್‌ರೈಲ್ ವ್ಯವಸ್ಥೆಯಲ್ಲಿ ಇಂಧನದ ಒತ್ತಡ 1350 ಬಾರ್. ಇಂಧನ ಪಂಪಿನ ಪ್ಲಂಜರ್‌ಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಅಲ್ಲಿ ಎಣ್ಣೆಯ ಕೆಲಸವನ್ನೂ ಡೀಸೆಲ್ಲೇ ಮಾಡಬೇಕು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್‌ನ ಜಾರುಗುಣ ಕುಗ್ಗುತ್ತಿತ್ತು. ಇಂಥ ಸಂದಿನಲ್ಲಿ ಎರಡು ಮೂರು ಮೈಕ್ರಾನ್‌ಗಳ ಇಂಗಾಲದ ಪದರವಷ್ಟೇ ಹಿಡಿಸೀತು. ಅದರ ಒಂದು ಚಕ್ಕೆ ಎದ್ದರೂ ಪಂಪು ಕಚ್ಚಿಕೊಳ್ಳುತ್ತದೆ. ಹೀಗಾಗಿ ಅಂಟುವಿಕೆಯ ಸಮಸ್ಯೆ ಬಗೆಹರಿಯದೆ ಇಲ್ಲಿಗೆ ಕಾಲಿಡಲು ಸಾಧ್ಯವೇ ಇರಲಿಲ್ಲ.

ಜಾರುಗುಣದ ವಿಚಾರದಲ್ಲೂ ಪದರವನ್ನು ಒಂಟಿಯಾಗಿ ಅಳೆದರೆ ದಾರಿ ತಪ್ಪುತ್ತೇವೆ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಅಲಿ ಎರ್ಡೆಮಿರ್ ತಂಡ 1990ರ ದಶಕದ ಕೊನೆಗೆ ಹೈಡ್ರೋಜನ್ ತುಂಬಿದ ಇಂಗಾಲದ ಪದರದಲ್ಲಿ 0.001ರಷ್ಟು ಘರ್ಷಣಾಂಕ ಕಂಡಿತು. ಆದರೆ ಅದು ಒಣ ನೈಟ್ರೋಜನ್‌ನಲ್ಲಿ. ತೇವದ ಗಾಳಿ ಸೋಕಿದರೆ ಘರ್ಷಣೆ ಹಲವು ಪಟ್ಟು ಏರುತ್ತದೆ. ಹೈಡ್ರೋಜನ್ ಇಲ್ಲದ ಪದರದ ಸ್ವಭಾವ ಇದಕ್ಕೆ ತದ್ವಿರುದ್ಧ: ನಿರ್ವಾತದಲ್ಲಿ ಅದು ಒರಟು, ತೇವದಲ್ಲಿ ನಯ. ಹಾಗಾದರೆ 0.001 ಬರೀ ಪ್ರಯೋಗಾಲಯದ ಅಂಕಿಯೇ? ಅಲ್ಲ. ಮೇಲ್ಮೈಯಲ್ಲಿ ತೆರೆದುಕೊಂಡ ಇಂಗಾಲದ ಬಂಧಗಳನ್ನು ಹೈಡ್ರೋಜನ್ ಮುಚ್ಚಿದರೆ ಎದುರಿನ ಮೇಲ್ಮೈ ಹಿಡಿದುಕೊಳ್ಳುವುದಿಲ್ಲ ಎಂಬ ತಿಳಿವಳಿಕೆಗೆ ಆ ಅಂಕಿ ಬಲವಾದ ಆಧಾರವಾಯಿತು. ನಿಸ್ಸಾನ್ ಕಂಪನಿ ಹೈಡ್ರೋಜನ್ ಇಲ್ಲದ ಇಂಗಾಲವನ್ನು ವಾಲ್ವ್ ಲಿಫ್ಟರ್‌ಗಳ ಮೇಲೆ ಕೂರಿಸಿದಾಗಲೂ ಪದರವನ್ನು ಒಂಟಿಯಾಗಿ ನೋಡಲಿಲ್ಲ; ಅದರ ಜೊತೆಗೇ ಆ ಪದರಕ್ಕೆ ಹೊಂದುವ ಎಂಜಿನ್ ಆಯಿಲನ್ನೂ ಸಿದ್ಧಪಡಿಸಿತು.