ಪ್ರೋಟೀನ್ ಚುಕ್ಕಿ ಇಡುವ ನ್ಯಾನೊ ಲೇಖನಿ

ಶಾಯಿಯಲ್ಲಿ ಅದ್ದಿ ಬರೆಯುವ ಹಳೆಯ ಲೇಖನಿಯ ತತ್ತ್ವವನ್ನು ಅಣುಗಳ ಮಟ್ಟಕ್ಕೆ ಇಳಿಸಿದ ತಂತ್ರವೇ ಡಿಪ್-ಪೆನ್ ನ್ಯಾನೊಲಿಥೊಗ್ರಫಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್ ಮತ್ತು ಸಂಗಡಿಗರು ಇದನ್ನು 1999ರಲ್ಲಿ ಪ್ರಕಟಿಸಿದರು. ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಯೇ ಇಲ್ಲಿ ಲೇಖನಿ. ಚಿನ್ನದ ತೆಳು ಲೇಪನವೇ ಕಾಗದ.

ಪ್ರೋಟೀನಿನ ವಿಷಯದಲ್ಲಿ ತೊಡಕೊಂದಿದೆ. ಅದು ಬಹುತೇಕ ಎಲ್ಲ ಮೇಲ್ಮೈಗಳಿಗೂ ಅಂಟಿಕೊಳ್ಳುವುದರಿಂದ ವಿನ್ಯಾಸ ಉಳಿಯದು. ಆದ್ದರಿಂದ 2002ರಲ್ಲಿ ಮಿರ್ಕಿನ್ ತಂಡವು ಪ್ರೋಟೀನನ್ನು ನೇರವಾಗಿ ಬರೆಯದೆ, ಅದು ಕೂರಬೇಕಾದ ಜಾಗವನ್ನಷ್ಟೇ ಬರೆಯಿತು. ಚಿನ್ನಕ್ಕೆ ಗಂಧಕದ ಮೂಲಕ ಅಂಟುವ ಆಮ್ಲವೊಂದರಿಂದ 100ರಿಂದ 350 ನ್ಯಾನೊಮೀಟರ್ ಅಳತೆಯ ಚುಕ್ಕಿಗಳನ್ನಿಟ್ಟು, ಉಳಿದ ಭಾಗಕ್ಕೆ ಪ್ರೋಟೀನನ್ನು ದೂರವಿಡುವ ಅಣುಗಳ ಹೊದಿಕೆ ನೀಡಿತು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ಒಂದು ನ್ಯಾನೊಮೀಟರ್. ಬಳಿಕ ದ್ರಾವಣದಲ್ಲಿ ಅದ್ದಿದಾಗ ಪ್ರೋಟೀನ್ ಚುಕ್ಕಿಗಳ ಮೇಲೆ ಮಾತ್ರ ನೆಲೆಸಿತು. ತನ್ನ ಜೈವಿಕ ಗುಣವನ್ನೂ ಉಳಿಸಿಕೊಂಡಿತು.

ಇದರ ಪ್ರಯೋಜನ ರೋಗಪತ್ತೆಯಲ್ಲಿದೆ. 2004ರಲ್ಲಿ, ಪ್ರತಿಕಾಯಗಳನ್ನು ಕೂರಿಸಿದ ಇಂತಹ ಚುಕ್ಕಿಗಳು ರಕ್ತದ ಪ್ಲಾಸ್ಮಾದಲ್ಲಿದ್ದ ಎಚ್‌ಐವಿಯ ಪಿ24 ಪ್ರೋಟೀನನ್ನು, ರೂಢಿಯ ಎಲೈಸಾ ಪರೀಕ್ಷೆಗೆ ನಿಲುಕದಷ್ಟು ಅಲ್ಪ ಪ್ರಮಾಣದಲ್ಲೂ ಗುರುತಿಸಿದವು.

ಒಂದೇ ಮೊನೆಯ ಬರವಣಿಗೆ ಬಲು ನಿಧಾನ. ಈ ಕೊರತೆ ನೀಗಲು 2006ರಲ್ಲಿ 55,000 ಮೊನೆಗಳು ಏಕಕಾಲಕ್ಕೆ ಬರೆಯುವ ಫಲಕವನ್ನು ಸಿದ್ಧಪಡಿಸಲಾಯಿತು.